ಲೈಕೆನ್ ಸ್ಕ್ಲೆರೋಸಸ್‌ಗೆ ಲೇಸರ್: ಮಾಡಿಸುವ ಮುಂಚೆ, ಮಾಡಿಸುವಾಗ, ಮಾಡಿಸಿದ ಮೇಲೆ

ಚರ್ಮರೋಗ ವಿಭಾಗದ ಲೇಸರ್ ಕೋಣೆಯಲ್ಲಿ ನಾನು ಸಿಸ್ಟರ್. ಮುಖದ ಕಲೆ, ಮಚ್ಚೆ, ಗಾಯದ ಗುರುತು ಅಂತ ಬರುವವರು ತಮ್ಮ ತೊಂದರೆಯನ್ನು ಬಾಗಿಲಲ್ಲೇ ಹೇಳಿಬಿಡುತ್ತಾರೆ. ಯೋನಿಯ ಹೊರಭಾಗದ ಚರ್ಮಕ್ಕೆ ಬರುವ ಲೈಕೆನ್ ಸ್ಕ್ಲೆರೋಸಸ್ ಅನ್ನುವ ಕಾಯಿಲೆ ಇರುವ ಹೆಂಗಸರು ಹಾಗಲ್ಲ. ಬಾಗಿಲು ಹಾಕಿದ ಮೇಲೆ, ದನಿ ತಗ್ಗಿಸಿ, "ಸಿಸ್ಟರ್, ಕೆಳಗಡೆ ತುಂಬಾ ತುರಿಕೆ" ಅನ್ನುತ್ತಾರೆ. ವರ್ಷಗಟ್ಟಲೆ ಗಂಡನಿಗೂ ಹೇಳದೆ, ಮಗಳಿಗೂ ಹೇಳದೆ ಸಹಿಸಿಕೊಂಡವರೇ ಜಾಸ್ತಿ. ಅವರ ಜೊತೆ ಕೂತು ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ಜಾಗದ ಹೆಸರುಗಳನ್ನು ನೇರವಾಗಿಯೇ ಬಳಸುತ್ತೇನೆ. ಹೆಸರು ಹೇಳದೆ ಇದ್ದರೆ ಎಲ್ಲಿ ಮುಲಾಮು ಹಚ್ಚಬೇಕು ಅಂತ ಗೊತ್ತಾಗುವುದು ಹೇಗೆ?

ಎಲ್ಲಕ್ಕಿಂತ ಮುಂಚೆ ಒಂದು ಮಾತು. ಲೇಸರ್ ಮಾಡಿಸಿದರೆ ಈ ಕಾಯಿಲೆಗೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಬಿಡಬಹುದು ಅಂತ ಯಾರಾದರೂ ಹೇಳಿದ್ದರೆ ಅದನ್ನು ನಂಬಬೇಡಿ. ಲೇಸರ್ ಬೇಕೋ ಬೇಡವೋ ಅನ್ನುವುದು ಆಮೇಲಿನ ಪ್ರಶ್ನೆ. ಮುಲಾಮು ಮಾತ್ರ ಬೇಕೇ ಬೇಕು.

ಇದೇ ಕಾಯಿಲೆ ಅಂತ ಖಚಿತವಾಗಿದೆಯಾ?

ಇದು ಯೋನಿಯ ಹೊರಭಾಗದ ಚರ್ಮಕ್ಕೆ ಬರುವ, ಬಹುಕಾಲ ಉಳಿಯುವ ಕಾಯಿಲೆ. ಗುದದ್ವಾರದ ಸುತ್ತಲೂ ಹರಡಬಹುದು. ಚರ್ಮ ಬೆಳ್ಳಗಾಗುತ್ತದೆ, ಮುದುರಿ ಬಿಡಿಸಿದ ತೆಳು ಕಾಗದದ ಹಾಗೆ ಸುಕ್ಕಾಗುತ್ತದೆ. ಸ್ವಲ್ಪ ಉಜ್ಜಿದರೂ ಸೀಳು ಬಿಡುತ್ತದೆ. ರಾತ್ರಿ ಹೊತ್ತು ತುರಿಕೆ ಜಾಸ್ತಿ. ಸೀಳಿದ ಜಾಗಕ್ಕೆ ಮೂತ್ರ ತಾಗಿದರೆ ಜೀವ ಹೋಗುವಷ್ಟು ಉರಿ. ಗಂಡಹೆಂಡಿರ ಸಂಬಂಧವೇ ಬೇಡ ಅನ್ನುವಷ್ಟು ನೋವು ಕೆಲವರಿಗೆ.

ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಮೈನೆರೆಯದ ಹುಡುಗಿಯರಲ್ಲೂ ಕಾಣಿಸುತ್ತದೆ. ಹಾಗಂತ ನಡುವಿನ ವಯಸ್ಸಿನಲ್ಲಿ ಬರುವುದೇ ಇಲ್ಲ ಅಂತಲ್ಲ. ಫ್ರಾನ್ಸಿನ ಡಾಕ್ಟರೊಬ್ಬರು 1887ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಹಾಗಾಗಿ ಹೊಸ ಕಾಯಿಲೆ ಏನಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಸ್ವಚ್ಛವಾಗಿಲ್ಲದ್ದಕ್ಕೆ ಬಂದದ್ದೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಚರ್ಮದ ಮೇಲೇ ತಿರುಗಿಬೀಳುವುದಕ್ಕೂ ಇದಕ್ಕೂ ನಂಟಿದೆ. ಅದಕ್ಕೇ ಈ ಕಾಯಿಲೆ ಇರುವವರಲ್ಲಿ ಥೈರಾಯ್ಡ್ ತೊಂದರೆಯೂ ಹೆಚ್ಚಾಗಿ ಕಾಣುತ್ತದೆ.

ನನಗೆ ನಿಜಕ್ಕೂ ಸಂಕಟವಾಗುವುದು ಫಂಗಸ್ ಅಂದುಕೊಂಡು ವರ್ಷಗಳನ್ನು ಕಳೆದವರನ್ನು ನೋಡಿದಾಗ. ತುರಿಕೆ ಅಂದ ತಕ್ಷಣ ಫಂಗಸ್ ಕ್ರೀಮ್ ಹಚ್ಚಿರುತ್ತಾರೆ. ಕಡಿಮೆ ಆಗದಿದ್ದರೆ ಇನ್ನೊಂದು ಫಂಗಸ್ ಕ್ರೀಮ್. ಯಾರೂ ಬಟ್ಟೆ ತೆಗೆಸಿ, ಒಳ್ಳೆ ಬೆಳಕಿನಲ್ಲಿ ನೋಡಿರುವುದಿಲ್ಲ. ಅಷ್ಟರಲ್ಲಿ ಒಳತುಟಿಗಳು ಅಕ್ಕಪಕ್ಕದ ಚರ್ಮಕ್ಕೆ ಅಂಟಿಕೊಂಡು ಕಾಣದಂತಾಗಿರುತ್ತವೆ, ಚಂದ್ರನಾಡಿಯ (ಒಳತುಟಿಗಳು ಮೇಲೆ ಸೇರುವ ಕಡೆ ಇರುವ ಸಣ್ಣ ಮೊಗ್ಗಿನಂಥ ಭಾಗ, ಕ್ಲಿಟೋರಿಸ್) ಮೇಲೆ ಚರ್ಮ ಮುಚ್ಚಿಕೊಂಡಿರುತ್ತದೆ, ಯೋನಿದ್ವಾರ ಕಿರಿದಾಗಿರುತ್ತದೆ. ಹೀಗೆ ಅಂಟಿಕೊಂಡದ್ದು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಆದ್ದರಿಂದ ಫಂಗಸ್ ಔಷಧಿಗೆ ಬಗ್ಗದ ತುರಿಕೆ ಇದ್ದರೆ, "ಒಮ್ಮೆ ನೋಡಿ ಹೇಳಿ ಡಾಕ್ಟರ್" ಅಂತ ನೀವೇ ಬಾಯಿಬಿಟ್ಟು ಕೇಳಿ.

ಎಷ್ಟೋ ಸಲ ಅನುಭವ ಇರುವ ಡಾಕ್ಟರಿಗೆ ನೋಡಿದರೇ ಗೊತ್ತಾಗುತ್ತದೆ. ಅನುಮಾನ ಇದ್ದರೆ ಬಯಾಪ್ಸಿ ಮಾಡುತ್ತಾರೆ. ಅಂದರೆ ಆ ಜಾಗ ಮರಗಟ್ಟಿಸಿ, ಕೆಲವೇ ಮಿಲಿಮೀಟರ್ ಅಗಲದ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಲೇಸರ್ ಮಾಡಿಸುವವರಿಗೆ ಈ ಮಾತು ತುಂಬಾ ಮುಖ್ಯ. ಮಾಯದ ಹುಣ್ಣು, ದಪ್ಪಗಾದ ಒರಟು ಜಾಗ, ಗಂಟು, ಇವುಗಳಲ್ಲಿ ಯಾವುದಿದ್ದರೂ ಮೊದಲು ಬಯಾಪ್ಸಿ ಆಗಲೇಬೇಕು. ಈ ಕಾಯಿಲೆ ಇರುವವರಲ್ಲಿ ಸ್ವಲ್ಪ ಜನಕ್ಕೆ ಅಲ್ಲೇ ಚರ್ಮದ ಕ್ಯಾನ್ಸರ್ ಆಗಬಹುದು. ಅಂಥ ಜಾಗವನ್ನು ನೋಡದೆ ಸುಟ್ಟುಬಿಟ್ಟರೆ ಕಾಯಿಲೆ ಮೇಲಿಂದ ಮರೆಯಾಗಿ ಒಳಗೆ ಉಳಿದುಬಿಡುತ್ತದೆ.

ಮೊದಲು ಮುಲಾಮು, ಸರಿಯಾಗಿ

"ಮುಲಾಮು ಕೆಲಸ ಮಾಡಲಿಲ್ಲ, ಅದಕ್ಕೇ ಲೇಸರ್‌ಗೆ ಬಂದೆ" ಅನ್ನುವವರನ್ನು ನಾನು ಮೊದಲು ಕೇಳುವುದು, ಹೇಗೆ ಹಚ್ಚುತ್ತಿದ್ದಿರಿ ಅಂತ. ಬಹಳ ಸಲ ಮುಲಾಮು ಹೊರತುಟಿಯ ಕೂದಲಿನ ಮೇಲೇ ಉಳಿದಿರುತ್ತದೆ. ಬೇಕಾದ ಜಾಗ ತಲುಪಿರುವುದೇ ಇಲ್ಲ.

ಸಾಮಾನ್ಯವಾಗಿ ಕೊಡುವುದು ಕ್ಲೋಬೆಟಸಾಲ್ ಪ್ರೊಪಿಯೊನೇಟ್ 0.05% ಮುಲಾಮು. ಇದು ಬಲವಾದ ಸ್ಟೀರಾಯ್ಡ್. ಹೆಚ್ಚಾಗಿ ಹೇಳುವ ಕ್ರಮ ಹೀಗೆ: ಮೊದಲ ನಾಲ್ಕು ವಾರ ದಿನಕ್ಕೊಮ್ಮೆ, ಮುಂದಿನ ನಾಲ್ಕು ವಾರ ದಿನ ಬಿಟ್ಟು ದಿನ, ಆಮೇಲಿನ ನಾಲ್ಕು ವಾರ ವಾರಕ್ಕೆ ಎರಡು ಸಲ. ಅದಾದ ಮೇಲೆ ಎಷ್ಟು ಅಂತ ನಿಮ್ಮ ಚರ್ಮ ನೋಡಿ ಡಾಕ್ಟರ್ ತೀರ್ಮಾನ ಮಾಡುತ್ತಾರೆ.

ಹಚ್ಚುವುದು ಹೇಗೆ? ಕೈತೊಳೆದು, ಹಾಸಿಗೆ ಮೇಲೆ ದಿಂಬಿಗೆ ಒರಗಿ ಕೂತು, ಮಂಡಿ ಮಡಚಿ, ಕಾಲು ಅಗಲಿಸಿ. ಮುಂದೆ ಒಂದು ಕನ್ನಡಿ ನಿಲ್ಲಿಸಿ. ಎಡಗೈಯ ಎರಡು ಬೆರಳಲ್ಲಿ ಹೊರತುಟಿಗಳನ್ನು ಬಿಡಿಸಿ ಹಿಡಿಯಿರಿ. ಬೆಳ್ಳಗಿರುವ ಜಾಗ ಕಾಣಿಸುತ್ತದೆ ಅಲ್ವಾ, ಅಲ್ಲಿಗೇ ಹಚ್ಚಬೇಕು. ಚಂದ್ರನಾಡಿಯ ಸುತ್ತ, ಒಳತುಟಿ ಇರುವ ಅಥವಾ ಇದ್ದ ಗೆರೆಯುದ್ದಕ್ಕೂ, ಯೋನಿದ್ವಾರದ ಕೆಳಗೆ, ಕಾಯಿಲೆ ಹರಡಿದ್ದರೆ ಗುದದ್ವಾರದ ಸುತ್ತಲೂ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಮುಲಾಮು ಹಿಂಡಿದರೆ ಅರ್ಧ ಗ್ರಾಂ ಆಗುತ್ತದೆ. ಅದರ ಅರ್ಧ ಸಾಕು. 30 ಗ್ರಾಮಿನ ಟ್ಯೂಬ್ ಮೂರು ತಿಂಗಳಾದರೂ ಬರಬೇಕು. ಒಂದೇ ತಿಂಗಳಿಗೆ ಮುಗಿದರೆ ಜಾಸ್ತಿ ಹಚ್ಚುತ್ತಿದ್ದೀರಿ ಅಂತ. ಒಂದು ವರ್ಷವಾದರೂ ಮುಗಿಯದಿದ್ದರೆ ಹಚ್ಚುವುದು ಸಾಲುತ್ತಿದೆಯಾ ಅಂತ ಡಾಕ್ಟರ ಹತ್ತಿರ ಕೇಳಿ.

ಟ್ಯೂಬಿನ ಜೊತೆ ಬರುವ ಚೀಟಿಯಲ್ಲಿ "ಗುಪ್ತಾಂಗಕ್ಕೆ ಹಚ್ಚಬೇಡಿ" ಅಂತ ಬರೆದಿರುವುದನ್ನು ಓದಿ ಹೆದರಿ ನಿಲ್ಲಿಸಿದವರು ತುಂಬಾ ಜನ. ಆ ಚೀಟಿ ಎಲ್ಲ ಚರ್ಮದ ಕಾಯಿಲೆಗೂ ಸೇರಿಸಿ ಬರೆದದ್ದು. ಈ ಕಾಯಿಲೆಗೆ ಅದೇ ಜಾಗಕ್ಕೇ ಬೇಕು. 2015ರಲ್ಲಿ ಆಸ್ಟ್ರೇಲಿಯಾದ ಡಾಕ್ಟರುಗಳು ಪ್ರಕಟಿಸಿದ ಅಧ್ಯಯನವನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. ಒಟ್ಟು 507 ಹೆಂಗಸರು. ಹೇಳಿದ ಹಾಗೆ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡು ಬಂದ 357 ಜನರಲ್ಲಿ ಒಬ್ಬರಿಗೂ ಅಲ್ಲಿ ಕ್ಯಾನ್ಸರ್ ಆಗಲಿಲ್ಲ, ಅದರ ಮುಂಚಿನ ಹಂತವೂ ಕಾಣಲಿಲ್ಲ. ಆಗಾಗ ಬಿಟ್ಟು ಬಿಟ್ಟು ಹಚ್ಚಿದ 150 ಜನರಲ್ಲಿ 7 ಜನಕ್ಕೆ ಇವೆರಡರಲ್ಲಿ ಒಂದು ಆಯಿತು. ಇಷ್ಟು ಕೇಳಿದ ಮೇಲೂ ಮುಲಾಮು ಬಿಡುತ್ತೇನೆ ಅಂದವರು ನನಗೆ ಸಿಕ್ಕಿಲ್ಲ.

ಲೇಸರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಈ ಕಾಯಿಲೆಗೆ ಹೆಚ್ಚು ಬಳಸುವುದು ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಅದರ ತರಂಗದ ಅಳತೆ 10,600 ನ್ಯಾನೋಮೀಟರ್. ಈ ಕಿರಣವನ್ನು ನೀರು ಬೇಗ ಹೀರಿಕೊಳ್ಳುತ್ತದೆ. ಚರ್ಮದ ತುಂಬಾ ನೀರೇ ಇರುವುದರಿಂದ ಕಿರಣ ತಾಗಿದ ಕಡೆ ಕೂದಲೆಳೆಯಷ್ಟು ಸಣ್ಣ ತೂತುಗಳು ಬೀಳುತ್ತವೆ. ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಚರ್ಮ ಹಾಗೇ ಉಳಿದಿರುತ್ತದೆ. ಆ ಉಳಿದ ಚರ್ಮದಿಂದ ಗಾಯ ಬೇಗ ಮಾಯುತ್ತದೆ, ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಅನ್ನುವ ನಾರು ಹೊಸದಾಗಿ ಹುಟ್ಟುತ್ತದೆ. ಗಟ್ಟಿಯಾದ ಚರ್ಮ ಸ್ವಲ್ಪ ಮೆತ್ತಗಾಗಲಿ, ತುರಿಕೆ ತಗ್ಗಲಿ ಅನ್ನುವುದು ಉದ್ದೇಶ. ಎರ್ಬಿಯಮ್ ಯಾಗ್ ಅನ್ನುವ ಇನ್ನೊಂದು ಲೇಸರೂ ಇದೆ, 2,940 ನ್ಯಾನೋಮೀಟರಿನದು. ಕೂದಲು ತೆಗೆಯುವ ಲೇಸರಿಗೂ ಇದಕ್ಕೂ ಸಂಬಂಧವಿಲ್ಲ.

ಎಷ್ಟು ನಂಬಬಹುದು? ನಾನು ಲೇಸರ್ ಕೋಣೆಯಲ್ಲೇ ದುಡಿಯುವವಳು. ಆದರೂ ಇರುವುದನ್ನು ಇರುವ ಹಾಗೇ ಹೇಳಬೇಕು. 2021ರಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಒಂದರಲ್ಲಿ ಕೆಲವರಿಗೆ ನಿಜವಾದ ಲೇಸರ್, ಇನ್ನು ಕೆಲವರಿಗೆ ಹೆಸರಿಗೆ ಮಾತ್ರ ಯಂತ್ರ ಹಿಡಿದು ಮಾಡಿದ ಸುಳ್ಳು ಲೇಸರ್. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿಲ್ಲ. ಕೊನೆಗೆ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಲೇಸರ್ ಒಂದನ್ನೇ ನಂಬಿ ಚಿಕಿತ್ಸೆ ಮಾಡಿದರೆ ಕೆಲಸ ಆಗುವುದಿಲ್ಲ ಅಂತ ಅವರು ಬರೆದರು. ಇನ್ನೊಂದರಲ್ಲಿ 52 ಹೆಂಗಸರು. ಅರ್ಧ ಜನಕ್ಕೆ ಲೇಸರ್, ಅರ್ಧ ಜನಕ್ಕೆ ಕ್ಲೋಬೆಟಸಾಲ್. ಆರು ತಿಂಗಳ ನಂತರ ಲೇಸರ್ ಮಾಡಿಸಿಕೊಂಡವರೇ ತಮಗೆ ಹೆಚ್ಚು ಆರಾಮ ಆಗಿದೆ ಅಂದರು. ಆದರೆ ಇದರಲ್ಲಿ ಸುಳ್ಳು ಲೇಸರಿನ ಗುಂಪು ಇರಲಿಲ್ಲ, ಯಾರಿಗೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಆರು ತಿಂಗಳು ಅನ್ನುವುದು ಜೀವನಪೂರ್ತಿ ಇರುವ ಕಾಯಿಲೆಗೆ ಚಿಕ್ಕ ಅವಧಿ ಕೂಡ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ ಎಚ್ಚರಿಕೆ ಕೊಟ್ಟಿತು. "ಯೋನಿಯನ್ನು ಮತ್ತೆ ಹರೆಯಕ್ಕೆ ತರುತ್ತೇವೆ" ಅಂತ ಲೇಸರ್ ಯಂತ್ರಗಳನ್ನು ಮಾರುವವರ ಬಗ್ಗೆ ಆ ಎಚ್ಚರಿಕೆ. ಸುಟ್ಟ ಗಾಯ, ಕಲೆ, ವಾಸಿಯಾಗದ ನೋವು ಆದವರಿದ್ದಾರೆ ಅಂತ ಅದರಲ್ಲಿ ಹೇಳಿತ್ತು. ಒಬ್ಬರೇ ಡಾಕ್ಟರ್ ಒಂದೇ ಯಂತ್ರದಲ್ಲಿ ಸೌಂದರ್ಯಕ್ಕೂ ಕಾಯಿಲೆಗೂ ಮಾಡಬಹುದು, ಅದು ತಪ್ಪಲ್ಲ. ಆದರೆ ಪ್ಯಾಕೇಜ್ ಅಂತ ಮಾತು ಶುರು ಮಾಡಿ, ನಿಮ್ಮನ್ನು ಪರೀಕ್ಷೆ ಮಾಡುವ ಮುಂಚೆಯೇ ದಿನ ಗೊತ್ತು ಮಾಡುವ ಕಡೆ ಮಾಡಿಸಬೇಡಿ.

ಇನ್ನೊಂದು ವಿಷಯ ಇದೆ, ಇದನ್ನು ಕಡಿಮೆ ಜನ ಹೇಳುತ್ತಾರೆ. ಈ ಕಾಯಿಲೆ ಪೆಟ್ಟು ಬಿದ್ದ ಚರ್ಮದಲ್ಲಿ ಹೊಸದಾಗಿ ಹುಟ್ಟಿಕೊಳ್ಳುವ ಗುಣದ್ದು. ಕೆರೆದ ಜಾಗ, ಹೊಲಿಗೆ ಹಾಕಿದ ಜಾಗ, ಬಿಗಿ ಬಟ್ಟೆ ಉಜ್ಜುವ ಜಾಗ, ಎಲ್ಲಿ ಬೇಕಾದರೂ. ಲೇಸರ್ ಮಾಡುವುದೂ ಗಾಯವೇ ಅಲ್ವಾ? ಆದ್ದರಿಂದ ಕಾಯಿಲೆ ಕೆರಳಿ, ಕೆಂಪಾಗಿ, ಸೀಳು ಬಿಟ್ಟಿರುವ ಹೊತ್ತಿನಲ್ಲಿ ಲೇಸರ್‌ಗೆ ಬರುವುದು ಒಳ್ಳೆಯದಲ್ಲ. ಮುಲಾಮಿನಿಂದ ಹತೋಟಿಗೆ ತಂದುಕೊಂಡು, ಆಮೇಲೂ ತುರಿಕೆ ಬಿಗಿತ ಉಳಿದಿದ್ದರೆ ಬನ್ನಿ. ಅಂಟಿಕೊಂಡ ತುಟಿಗಳನ್ನು ಫ್ರ್ಯಾಕ್ಷನಲ್ ಲೇಸರ್ ಬಿಡಿಸುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಪುಟ್ಟ ಹುಡುಗಿಯರಿಗೆ ಇದನ್ನು ಮಾಡಿಸುವ ಯೋಚನೆಯೇ ಬೇಡ. ಅವರಿಗೆ ಮುಲಾಮೇ ಸರಿ.

ಡಾಕ್ಟರಿಗೆ ಹೇಳಬೇಕಾದ್ದು, ಕೇಳಬೇಕಾದ್ದು

ನೀವಾಗಿಯೇ ಹೇಳಬೇಕಾದ್ದರಲ್ಲಿ ಮುಖ್ಯವಾದದ್ದು ಹರ್ಪಿಸ್. ಬಾಯಿಯ ಹತ್ತಿರವಾಗಲಿ ಕೆಳಗಾಗಲಿ ಯಾವಾಗಲಾದರೂ ಗುಂಪು ಗುಂಪಾಗಿ ನೀರ್ಗುಳ್ಳೆ ಎದ್ದಿದ್ದರೆ ಮುಚ್ಚಿಡಬೇಡಿ. ಲೇಸರಿನ ಬಿಸಿಗೆ ಅದು ಮತ್ತೆ ಎದ್ದು ಹರಡಬಹುದು. ಹೇಳಿದರೆ ಮುಂಚಿನಿಂದಲೇ ಮಾತ್ರೆ ಕೊಡುತ್ತಾರೆ, ಅಷ್ಟೆ. ಗರ್ಭಿಣಿಯಾಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಗಾಯ ಮಾಯ್ದ ಮೇಲೆ ಉಬ್ಬಿ ಗಂಟಾಗುವ ಮೈಯಾಗಿದ್ದರೆ, ಆ ಭಾಗಕ್ಕೆ ಹಿಂದೆ ರೇಡಿಯೇಷನ್ ಆಗಿದ್ದರೆ, ಇವನ್ನೂ ಹೇಳಿ. ಮರಗಟ್ಟಿಸುವ ಔಷಧಿ ಒಗ್ಗುವುದಿಲ್ಲ ಅಂತ ಗೊತ್ತಿದ್ದರೆ ಅದನ್ನೂ.

ಕೇಳಬೇಕಾದ್ದು: ಈ ಕಾಯಿಲೆಗೆ ನೀವು ಮುಂಚೆ ಲೇಸರ್ ಮಾಡಿದ್ದೀರಾ? ಯಾವ ಯಂತ್ರ? ನನ್ನ ಮೈಬಣ್ಣಕ್ಕೆ ಶಕ್ತಿ ಎಷ್ಟು ಇಡುತ್ತೀರಿ? ಮುಲಾಮು ಯಾವತ್ತು ನಿಲ್ಲಿಸಲಿ, ಯಾವತ್ತು ಮತ್ತೆ ಶುರು ಮಾಡಲಿ? ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಮೈಬಣ್ಣದ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಕಪ್ಪು, ಕಂದು ಚರ್ಮದಲ್ಲಿ ಬಿಸಿ ಜಾಸ್ತಿಯಾದರೆ ಕಲೆ ಉಳಿಯುತ್ತದೆ. ಕಡಿಮೆ ಶಕ್ತಿಯಿಂದ ಶುರು ಮಾಡುವ ಡಾಕ್ಟರ್ ಸಿಕ್ಕರೆ ಒಳ್ಳೆಯದು.

ಆ ದಿನ

ಮುಟ್ಟಾಗುವ ದಿನ ನೋಡಿಕೊಂಡು ತಾರೀಖು ತೆಗೆದುಕೊಳ್ಳಿ. ಬಿಳಿಸೆರಗು, ಮೂತ್ರದ ಉರಿ ಇದ್ದರೆ ಮೊದಲು ಅದನ್ನು ವಾಸಿ ಮಾಡಿಕೊಳ್ಳಿ. ರೇಜರ್ ಹಾಕಬೇಡಿ, ಚರ್ಮ ಕೊಯ್ದುಕೊಳ್ಳುತ್ತದೆ. ಕೂದಲು ಉದ್ದ ಇದ್ದರೆ ಕತ್ತರಿಯಲ್ಲಿ ಕತ್ತರಿಸಿಕೊಳ್ಳಿ, ಅಥವಾ ಹಾಗೇ ಬನ್ನಿ, ನಾವೇ ಮಾಡುತ್ತೇವೆ. ಬರೀ ನೀರಲ್ಲಿ ತೊಳೆದುಕೊಂಡು, ಎಣ್ಣೆ, ಪೌಡರ್, ಸೆಂಟ್ ಏನೂ ಹಾಕದೆ ಬನ್ನಿ. ಸಡಿಲ ಹತ್ತಿಯ ಒಳಚಡ್ಡಿ, ಸಡಿಲ ಬಟ್ಟೆ. ಜೊತೆಗೆ ಒಬ್ಬರಿದ್ದರೆ ವಾಪಸ್ ಹೋಗುವಾಗ ಧೈರ್ಯ.

ಬಂದ ಮೇಲೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಸ್ವಲ್ಪ ಹೊತ್ತು ಬಿಡುತ್ತೇವೆ. ಇದನ್ನು ಮನೆಯಲ್ಲೇ ಹಚ್ಚಿಕೊಂಡು ಬರಬೇಡಿ. ಆ ಜಾಗದ ತೆಳು ಚರ್ಮ ಔಷಧಿಯನ್ನು ಬೇಗ ಹೀರುತ್ತದೆ, ಅಳತೆ ಮೀರಿದರೆ ತಲೆಸುತ್ತು, ಎದೆಬಡಿತದ ತೊಂದರೆ ಆಗಬಹುದು. ಆಮೇಲೆ ಕ್ರೀಮನ್ನು ಪೂರ್ತಿ ಒರೆಸಿ, ಚರ್ಮ ಒಣಗಿಸುತ್ತೇವೆ. ಇದಕ್ಕೆ ನಾನು ಅವಸರ ಮಾಡುವುದಿಲ್ಲ. ಪಸೆ ಉಳಿದರೆ ಕಿರಣ ಅದರಲ್ಲೇ ಇಂಗಿಹೋಗಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ತಾಗುತ್ತದೆ. ಸ್ಪಿರಿಟ್ ಇರುವ ದ್ರವದಲ್ಲಿ ಒರೆಸುವುದಿಲ್ಲ, ಬೆಂಕಿ ಹತ್ತಿಕೊಳ್ಳುವ ಅಪಾಯ ಇದೆ. ಸುತ್ತ ಒದ್ದೆ ಬಟ್ಟೆ ಇಡುತ್ತೇವೆ. ಗುದದ್ವಾರದ ಮೇಲೆ ಒದ್ದೆ ಬ್ಯಾಂಡೇಜ್ ಬಟ್ಟೆ ಇಡುವುದೂ ಅದಕ್ಕೇ, ನಾಚಿಕೊಳ್ಳಬೇಡಿ. ನಿಮಗೂ ನಮಗೂ ಕನ್ನಡಕ. ಹೊಗೆ ಎಳೆಯುವ ಪೈಪು ಪಕ್ಕದಲ್ಲೇ ಗುಂಯ್ ಅನ್ನುತ್ತಿರುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಗಾಬರಿ ಬೇಡ.

ಲೇಸರ್ ತಾಗುವುದು ಬಿಸಿ ಸೂಜಿ ಚುಚ್ಚಿದ ಹಾಗೆ. ಹೊರತುಟಿಯ ಮೇಲೆ ಅಷ್ಟಾಗಿ ಗೊತ್ತಾಗುವುದಿಲ್ಲ. ಚಂದ್ರನಾಡಿಯ ಹತ್ತಿರ, ಯೋನಿದ್ವಾರದ ಕೆಳಗೆ ಚುರುಕ್ ಅನ್ನುತ್ತದೆ. ತಡೆಯಲಾಗದಿದ್ದರೆ ಮಾತಿನಲ್ಲಿ ಹೇಳಿ, ಸೊಂಟ ಎಳೆದುಕೊಳ್ಳಬೇಡಿ. ನಿಲ್ಲಿಸಿ ಮತ್ತೆ ಕ್ರೀಮ್ ಹಚ್ಚಬಹುದು, ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು. ನೋವಾದರೂ ಬಾಯಿ ಮುಚ್ಚಿಕೊಂಡು ಸಹಿಸಿದರೆ ಗುಣ ಹೆಚ್ಚಾಗುವುದಿಲ್ಲ. ಲೇಸರ್ ಹಾಯಿಸುವುದು ಕೆಲವೇ ನಿಮಿಷದ ಕೆಲಸ. ಹೊತ್ತು ಹಿಡಿಯುವುದೆಲ್ಲ ಅದರ ತಯಾರಿಗೇ.

ಮನೆಗೆ ಹೋದ ಮೇಲೆ

ಮೊದಲ ರಾತ್ರಿ ಉರಿ ಇರುತ್ತದೆ. ಕೆಂಪಾಗುತ್ತದೆ, ಊದಿಕೊಳ್ಳುತ್ತದೆ. ಬಟ್ಟೆಯಲ್ಲಿ ಸುತ್ತಿದ ತಣ್ಣನೆ ಪ್ಯಾಕ್ ಹತ್ತು ನಿಮಿಷ ಇಡಿ. ಐಸನ್ನು ನೇರವಾಗಿ ಇಡಬೇಡಿ. ಹೇಳಿದ ನೋವಿನ ಮಾತ್ರೆ ನುಂಗಿ. ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ದಿನಕ್ಕೆ ಎಷ್ಟು ಸಲ ಬೇಕಾದರೂ ಹಚ್ಚಿ, ಮೂತ್ರಕ್ಕೆ ಹೋಗುವ ಮುಂಚೆ ತಪ್ಪದೆ ಹಚ್ಚಿ. ಮೂತ್ರ ಮಾಡುವಾಗಲೇ ಮಗ್‌ನಲ್ಲಿ ಉಗುರುಬೆಚ್ಚಗಿನ ನೀರು ಸುರಿದುಕೊಂಡರೆ ಉರಿ ಅರ್ಧ ಕಡಿಮೆ. ಉರಿಗೆ ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಉರಿ ಹೆಚ್ಚು. ತೊಳೆದ ಮೇಲೆ ಮೆತ್ತನೆ ಬಟ್ಟೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸೋಪು ಬೇಡ. ಡೆಟಾಲ್ ಅಂತೂ ಬೇಡವೇ ಬೇಡ.

ಎರಡು ಮೂರು ದಿನ ಕಳೆದ ಮೇಲೆ ಸಣ್ಣ ಕಂದು ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಅವು ತಾವಾಗಿ ಉದುರುತ್ತವೆ, ಕೀಳಬೇಡಿ. ಮಾಯುವಾಗ ತುರಿಕೆ ಬರುತ್ತದೆ. ಉಗುರು ಚಿಕ್ಕದಾಗಿ ಕತ್ತರಿಸಿಡಿ. ಚರ್ಮ ಪೂರ್ತಿ ಮಾಯುವವರೆಗೆ ಸಂಭೋಗ, ಈಜು, ಸೈಕಲ್, ಬಿಗಿ ಪ್ಯಾಂಟ್ ಬೇಡ. ಸಾಮಾನ್ಯವಾಗಿ ಒಂದು ವಾರ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ಮುಲಾಮನ್ನು ಡಾಕ್ಟರ್ ಹೇಳಿದ ದಿನ ಮತ್ತೆ ಶುರು ಮಾಡಿ. ಇಲ್ಲೇ ಬಹಳ ಜನ ತಪ್ಪಿಹೋಗುತ್ತಾರೆ. ಆರಾಮ ಆಯಿತು ಅಂತ ಟ್ಯೂಬ್ ಬದಿಗಿಟ್ಟುಬಿಡುತ್ತಾರೆ.

ಜ್ವರ ಬಂದರೆ, ಮೂರನೇ ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಕೀವು ಕಂಡರೆ, ನೀರ್ಗುಳ್ಳೆ ಗುಂಪಾಗಿ ಎದ್ದರೆ, ರಕ್ತ ನಿಲ್ಲದಿದ್ದರೆ, ಮೂತ್ರ ಕಟ್ಟಿಕೊಂಡರೆ ಅವತ್ತೇ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಮುಂದಿನ ಸಲ, ಮುಂದಿನ ವರ್ಷ

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಮೂರು ಸಲ ಮಾಡುತ್ತಾರೆ. ಗುಣ ಆಗುತ್ತಿದೆಯಾ ಅಂತ ತಿಳಿಯಲು ಒಂದು ನೋಟ್ ಪುಸ್ತಕ ಇಡಿ. ವಾರಕ್ಕೊಮ್ಮೆ ಬರೆದರೆ ಸಾಕು: ತುರಿಕೆ ಹತ್ತಕ್ಕೆ ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರ ಆಯಿತು, ಹೊಸ ಸೀಳು ಇದೆಯಾ, ಮುಲಾಮು ಎಷ್ಟು ದಿನ ಹಚ್ಚಿದಿರಿ. ಮೊದಲ ಲೇಸರಿಗೆ ಒಂದು ತಿಂಗಳು ಮುಂಚಿನಿಂದಲೇ ಬರೆಯಲು ಶುರು ಮಾಡಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ಫೋಟೊ ತೆಗೆಯುವುದಾದರೆ ಎಲ್ಲಿ ಇಡುತ್ತಾರೆ, ಯಾರು ನೋಡುತ್ತಾರೆ ಅಂತ ಕೇಳಿ, ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿ. ಎರಡು ಸಲ ಆದ ಮೇಲೂ ಪುಸ್ತಕದಲ್ಲಿ ಏನೂ ಬದಲಾಗಿಲ್ಲದಿದ್ದರೆ ಮೂರನೆಯದು ಯಾಕೆ ಅಂತ ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ.

ಲೇಸರ್ ಫಲ ಕೊಟ್ಟರೂ ಕೊಡದಿದ್ದರೂ ವರ್ಷಕ್ಕೊಮ್ಮೆಯಾದರೂ ಡಾಕ್ಟರ್ ಆ ಜಾಗ ನೋಡಬೇಕು. ನಡುವೆ ತಿಂಗಳಿಗೊಮ್ಮೆ ನೀವೇ ಕನ್ನಡಿಯಲ್ಲಿ ನೋಡಿಕೊಳ್ಳಿ. ಹೊಸ ಗಂಟು, ದಪ್ಪಗಾದ ಬಿಳಿ ಅಥವಾ ಕೆಂಪು ಜಾಗ, ಮೂರು ನಾಲ್ಕು ವಾರವಾದರೂ ಮಾಯದ ಹುಣ್ಣು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ ತೋರಿಸಿ. ಹೋದ ತಕ್ಷಣ "ನನಗೆ ಲೈಕೆನ್ ಸ್ಕ್ಲೆರೋಸಸ್ ಇದೆ, ಅಲ್ಲಿ ಹೊಸದಾಗಿ ಒಂದು ಹುಣ್ಣು ಆಗಿದೆ" ಅಂತ ಹೇಳಿ. ಹಾಗೆ ಹೇಳಿದರೆ ಬೇಗ ನೋಡುತ್ತಾರೆ.